ಗಡಿಯಾಚೆ ಸರಿಸಿದ ಹೊಗೆ: ದೆಹಲಿಯ ಪ್ರಾದೇಶಿಕ ಯೋಜನೆಯಲ್ಲಿ ಗಾಳಿಯ ಲೆಕ್ಕ

ದೆಹಲಿಯ ಚಳಿಗಾಲದ ಗಾಳಿಯಲ್ಲಿ ತೇಲುವ ಪಿಎಂ 2.5 ಕಣಗಳು ಎಲ್ಲಿಂದ ಬರುತ್ತವೆ ಎಂಬುದರ ಲೆಕ್ಕವೊಂದನ್ನು ಟೆರಿ ಮತ್ತು ಎಆರ್‌ಎಐ ಸಂಸ್ಥೆಗಳು 2018ರಲ್ಲಿ ಮುಂದಿಟ್ಟವು. ಅದರ ಪ್ರಕಾರ ಈ ಕಣಗಳಲ್ಲಿ ಸುಮಾರು ಶೇ. 36 ಭಾಗ ಮಾತ್ರ ದೆಹಲಿಯ ಒಳಗೆ ಹುಟ್ಟಿದ್ದು. ಹೆಚ್ಚುಕಡಿಮೆ ಅಷ್ಟೇ ಪಾಲು, ಅಂದರೆ ಶೇ. 34ರಷ್ಟು, ಸುತ್ತಲಿನ ರಾಷ್ಟ್ರ ರಾಜಧಾನಿ ವಲಯದ ಊರುಗಳದು. ಮಿಕ್ಕದ್ದು ಇನ್ನೂ ದೂರದ್ದು. ಇಂಥ ಅಧ್ಯಯನಗಳ ಅಂಕಿಗಳು ವಿಧಾನಕ್ಕೆ ತಕ್ಕಂತೆ ಒಂದಿಷ್ಟು ಹಿಂದುಮುಂದಾಗುತ್ತವೆ. ಆದರೆ 1,483 ಚದರ ಕಿಲೋಮೀಟರಿನ ದೆಹಲಿ ತನ್ನ ಒಳಗಿನ ಹೊಗೆಯನ್ನಷ್ಟೇ ಹಿಡಿದು ನಿಲ್ಲಿಸಿದರೆ ಗಾಳಿ ತಿಳಿಯಾಗದು ಎಂಬ ಮಾತು ಹೇಗೆ ಎಣಿಸಿದರೂ ಬದಲಾಗುವುದಿಲ್ಲ. ರಾಷ್ಟ್ರೀಯ ಮಾನದಂಡದಂತೆ ಪಿಎಂ 2.5ರ ವಾರ್ಷಿಕ ಸರಾಸರಿ ಘನಮೀಟರಿಗೆ 40 ಮೈಕ್ರೋಗ್ರಾಂ ಮೀರಬಾರದು. ದೆಹಲಿಯಲ್ಲಿ ಅದು 100ರ ಆಸುಪಾಸಿನಲ್ಲಿದೆ.

ಹಾಗಾದರೆ ಈ ಸಮಸ್ಯೆಗೆ ಪ್ರಾದೇಶಿಕ ಯೋಜನೆಯೇ ಮದ್ದು ಎಂದು ಎಲ್ಲರೂ ಹೇಳುತ್ತಾರೆ. ಈ ಟಿಪ್ಪಣಿ ಕೇಳುವ ಪ್ರಶ್ನೆ ಅಲ್ಲಿಂದ ಮುಂದಿನದು. ದೆಹಲಿಯ ಸುತ್ತ ಶಾಸನಬದ್ಧ ಪ್ರಾದೇಶಿಕ ಯೋಜನೆ 1985ರಿಂದಲೂ ಇದೆ. ಆ ಯೋಜನೆ ಗಾಳಿಯ ವಿಷಯದಲ್ಲಿ ಮಾಡಿದ್ದೇನು? ನನ್ನ ಉತ್ತರ ಹೀಗಿದೆ: ಆ ಮೊದಲ ದಶಕಗಳಲ್ಲಿ ಅದು ಹೊಗೆಯನ್ನು ನಗರದ ಗಡಿಯಾಚೆ ಸರಿಸುವ ಸಾಧನವಾಗಿ ಬಳಕೆಯಾಯಿತು. ಗಾಳಿಗಾಗಿಯೇ ತನ್ನದೇ ಕಾಯ್ದೆಯುಳ್ಳ ಒಂದು ಪ್ರಾದೇಶಿಕ ಸಂಸ್ಥೆ ಹುಟ್ಟುವಷ್ಟರಲ್ಲಿ 2021 ಬಂದಿತ್ತು. ಭೂಬಳಕೆ ಮತ್ತು ರಸ್ತೆಯ ನಕ್ಷೆ ಒಂದು ಕೈಯಲ್ಲಿ, ಗಾಳಿಯ ನಕ್ಷೆ ಇನ್ನೊಂದು ಕೈಯಲ್ಲಿ ಉಳಿದವು. ಈ ಎರಡು ನಕ್ಷೆಗಳು ಒಂದಕ್ಕೊಂದು ಲೆಕ್ಕ ಒಪ್ಪಿಸುವ ಏರ್ಪಾಡು ಇಂದಿಗೂ ಇಲ್ಲ.

1985ರ ರಾಷ್ಟ್ರ ರಾಜಧಾನಿ ವಲಯ ಯೋಜನಾ ಮಂಡಳಿ ಕಾಯ್ದೆ ಒಂದು ವಿಶೇಷ ರೀತಿಯ ಕಾಯ್ದೆ. ಭೂಮಿ ರಾಜ್ಯಪಟ್ಟಿಯ ವಿಷಯ. ಆದ್ದರಿಂದ ಹರಿಯಾಣ, ಉತ್ತರ ಪ್ರದೇಶ, ರಾಜಸ್ಥಾನಗಳ ವಿಧಾನಮಂಡಲಗಳು ಸಂವಿಧಾನದ 252ನೇ ವಿಧಿಯಡಿ ಒಪ್ಪಿಗೆ ಕೊಟ್ಟ ಮೇಲೆ ಸಂಸತ್ತು ಇದನ್ನು ಮಾಡಿತು. ಉದ್ದೇಶ ಜನಸಂಖ್ಯೆಯದ್ದಾಗಿತ್ತು. ದೆಹಲಿಗೆ ಹರಿದುಬರುವ ಜನರನ್ನು, ಉದ್ಯಮವನ್ನು, ಸಗಟು ವ್ಯಾಪಾರವನ್ನು ಸುತ್ತಲಿನ ಪಟ್ಟಣಗಳಿಗೆ ಹಂಚುವುದು ಅದರ ಗುರಿ. 1989ರಲ್ಲಿ ಜಾರಿಗೆ ಬಂದ ಮೊದಲ ಪ್ರಾದೇಶಿಕ ಯೋಜನೆ 2001ರ ಹೊತ್ತಿಗೆ ದೆಹಲಿಯ ಜನಸಂಖ್ಯೆಯನ್ನು 112 ಲಕ್ಷಕ್ಕೆ ಕಟ್ಟಿಹಾಕಬೇಕೆಂದು ಬಯಸಿತ್ತು. 2001ರ ಜನಗಣತಿ 138 ಲಕ್ಷ ಎಣಿಸಿತು. ಎರಡನೆಯ ಯೋಜನೆ 2005ರಲ್ಲಿ ಬಂತು. ವಲಯ ಬೆಳೆಯುತ್ತಾ ಹೋಗಿ ಈಗ ಸುಮಾರು 55,000 ಚದರ ಕಿಲೋಮೀಟರ್ ಆಗಿದೆ. ಈ ಯೋಜನೆಗಳಲ್ಲಿ ಪರಿಸರಕ್ಕೆ ಅಧ್ಯಾಯವುಂಟು, ಅರಾವಳಿಯ ರಕ್ಷಣೆಗೆ ನಿಯಮವುಂಟು. ಆದರೆ ಇಂಥ ರಸ್ತೆ, ಇಂಥ ಕೈಗಾರಿಕಾ ವಸಾಹತು ಬಂದರೆ ಗಾಳಿಗೆ ಎಷ್ಟು ಗಂಧಕ, ಎಷ್ಟು ಕಣ ಸೇರುತ್ತದೆ ಎಂಬ ಲೆಕ್ಕವನ್ನು ಭೂಬಳಕೆಯ ತೀರ್ಮಾನಕ್ಕೆ ಕಟ್ಟುವ ನಿಯಮ ಇರಲಿಲ್ಲ.

ಗಾಳಿಯ ಕೆಲಸವನ್ನು ಮೊದಲು ಕೈಗೆತ್ತಿಕೊಂಡದ್ದು ಸುಪ್ರೀಂ ಕೋರ್ಟ್. ವಕೀಲ ಎಂ.ಸಿ. ಮೆಹ್ತಾ 1985ರಲ್ಲಿ ಸಲ್ಲಿಸಿದ ಅರ್ಜಿಯ ಬೆನ್ನಲ್ಲೇ ಆದೇಶಗಳ ಸರಮಾಲೆ ಬಂತು. 1992ರ ಮೇ ತಿಂಗಳಲ್ಲಿ ದೆಹಲಿಯ ದಕ್ಷಿಣ ಅಂಚಿನ ಲಾಲ್ ಕುಆಂ, ಅನಂಗ್‌ಪುರ ಮೊದಲಾದ ಕಡೆಯ ಜಲ್ಲಿ ಕ್ರಷರ್‌ಗಳನ್ನು ನಿಲ್ಲಿಸಲು ಕೋರ್ಟ್ ಆದೇಶಿಸಿತು. ಅವುಗಳಿಗೆ ಹೊಸ ಜಾಗ ಹರಿಯಾಣದ ಪಾಲಿ ಗ್ರಾಮದ ಕ್ರಷರ್ ವಲಯ. ಪಾಲಿ ಇರುವುದು ಫರೀದಾಬಾದ್ ಜಿಲ್ಲೆಯಲ್ಲಿ, ಗಡಿ ದಾಟಿದರೆ ಸಿಗುವಷ್ಟು ಹತ್ತಿರದಲ್ಲಿ. 1996ರ ಜುಲೈ 8ರ ಆದೇಶ 168 ಅಪಾಯಕಾರಿ ಕೈಗಾರಿಕೆಗಳನ್ನು ದೆಹಲಿಯಲ್ಲಿ ಮುಚ್ಚಿ ರಾಜಧಾನಿ ವಲಯದ ಇತರ ಊರುಗಳಿಗೆ ಹೋಗುವಂತೆ ಹೇಳಿತು. ಅವುಗಳಿಗೆ ಜಾಗ ಹುಡುಕಿಕೊಡುವುದಕ್ಕೆ ನೆರವಾಗುವ ಹೊಣೆ ಬಿದ್ದದ್ದು ಯೋಜನಾ ಮಂಡಳಿಯ ಮೇಲೆ. ಅದೇ ವರ್ಷದ ಕೊನೆಯಲ್ಲಿ ದೆಹಲಿಯೊಳಗಿನ 200ಕ್ಕೂ ಹೆಚ್ಚು ಇಟ್ಟಿಗೆ ಗೂಡುಗಳ ಸರದಿ ಬಂತು.

ಈ ಆದೇಶಗಳನ್ನು ಹಗುರವಾಗಿ ಕಾಣುವುದು ತಪ್ಪು. ಕ್ರಷರ್ ಪಕ್ಕದಲ್ಲಿ ಬದುಕುವವರಿಗೆ ಅದರ ದೂಳು ಸಿಲಿಕೋಸಿಸ್ ತರುತ್ತದೆ, ಅದು ನಿಂತರೆ ಜೀವ ಉಳಿಯುತ್ತದೆ. ಕೋರ್ಟು ಮಧ್ಯೆ ಬರದಿದ್ದರೆ ಆಡಳಿತ ತಾನಾಗಿ ಕದಲುತ್ತಿತ್ತು ಎಂದು ನಂಬಲು ಯಾವ ಆಧಾರವೂ ಇಲ್ಲ. ಆದರೆ ಇಲ್ಲಿ ಎರಡು ಬಗೆಯ ಮಾಲಿನ್ಯವನ್ನು ಬೇರ್ಪಡಿಸಿ ನೋಡಬೇಕು. ಜಲ್ಲಿ ಒಡೆಯುವಾಗ ಏಳುವುದು ಬಹುಪಾಲು ದಪ್ಪ ದೂಳು. ಅದು ಹೆಚ್ಚು ದೂರ ಹೋಗದೆ ನೆಲಕ್ಕಿಳಿಯುತ್ತದೆ. ಅದನ್ನು ಮನೆಗಳಿಂದ ದೂರ ಒಯ್ದರೆ ಕೆಡುಕು ನಿಜವಾಗಿ ಕಡಿಮೆಯಾಗುತ್ತದೆ, ಹೊಸ ಜಾಗದಲ್ಲಿ ಮನೆಗಳಿಲ್ಲ ಎಂದಿಟ್ಟುಕೊಂಡರೆ. ಕಲ್ಲಿದ್ದಲು ಉರಿದಾಗ ಹೊರಡುವ ಸೂಕ್ಷ್ಮ ಕಣ ಹಾಗಲ್ಲ. ಅದು ದಿನಗಟ್ಟಲೆ ತೇಲುತ್ತದೆ. ಅದರ ಜತೆ ಹೊರಟ ಗಂಧಕದ ಡೈಆಕ್ಸೈಡ್ ದಾರಿಯಲ್ಲಿ ಅಮೋನಿಯದೊಂದಿಗೆ ಸೇರಿ ಸಲ್ಫೇಟ್ ಕಣವಾಗುತ್ತದೆ. ಚಿಮಣಿಯಲ್ಲಿ ಅಳೆದರೆ ಕಾಣದ ಕಣ ನೂರು ಕಿಲೋಮೀಟರ್ ಆಚೆ ಹುಟ್ಟಿಕೊಳ್ಳುತ್ತದೆ. ಚಳಿಗಾಲದಲ್ಲಿ ದೆಹಲಿಗೆ ಬೀಸುವುದು ಹೆಚ್ಚಾಗಿ ವಾಯವ್ಯದ ಗಾಳಿ. ರಾತ್ರಿ ನೆಲ ತಣ್ಣಗಾಗಿ ಮೇಲಿನ ಪದರ ಬೆಚ್ಚಗಿದ್ದಾಗ ಗಾಳಿ ಮೇಲೇರಲಾರದೆ, ಕೆಳಗಿನದೆಲ್ಲ ಅಲ್ಲೇ ಮಡುಗಟ್ಟುತ್ತದೆ. ಇಂಥ ಬಯಲಿನಲ್ಲಿ ಕಲ್ಲಿದ್ದಲಿನ ಒಲೆಯನ್ನು ಮೂವತ್ತು ನಲವತ್ತು ಕಿಲೋಮೀಟರ್ ಆಚೆ ಸರಿಸಿದರೆ ಉಳಿತಾಯವಾಗುವುದು ಬಹಳ ಕಡಿಮೆ.

ಇಟ್ಟಿಗೆ ಗೂಡನ್ನೇ ಹತ್ತಿರದಿಂದ ನೋಡೋಣ. ಉತ್ತರದ ಬಯಲಿನಲ್ಲಿ ಬಹುಕಾಲದಿಂದ ನಡೆದುಬಂದದ್ದು ಬುಲ್ಸ್ ಟ್ರೆಂಚ್ ಗೂಡು. ನೆಲದಲ್ಲಿ ಅಂಡಾಕಾರದ ಕಂದಕ, ನಡುವೆ ಎತ್ತರದ ಚಿಮಣಿ. ಹಸಿ ಇಟ್ಟಿಗೆಯನ್ನು ಕಂದಕದಲ್ಲಿ ಸಾಲಾಗಿ ಪೇರಿಸಿ ಮೇಲೆ ಬೂದಿ ಮಣ್ಣು ಮುಚ್ಚುತ್ತಾರೆ. ಬೆಂಕಿ ತಿಂಗಳುಗಟ್ಟಲೆ ಆರದೆ ಕಂದಕದ ಸುತ್ತ ನಿಧಾನವಾಗಿ ಚಲಿಸುತ್ತದೆ. ಮೇಲಿನ ಮುಚ್ಚಳದ ತೂತುಗಳನ್ನು ತೆಗೆದು, ಬೆಂಕಿ ನೋಡಿಕೊಳ್ಳುವ ಆಳು ಸಲಿಕೆ ತುಂಬ ಕಲ್ಲಿದ್ದಲು ಸುರಿಯುತ್ತಾನೆ. ಸುರಿದ ಪ್ರತಿ ಸಲವೂ ಚಿಮಣಿಯಿಂದ ಕಪ್ಪು ಹೊಗೆ ಏಳುತ್ತದೆ, ಏಕೆಂದರೆ ಅಷ್ಟನ್ನೂ ಸುಡುವಷ್ಟು ಗಾಳಿ ಒಮ್ಮೆಲೇ ಒದಗುವುದಿಲ್ಲ. ಜಿಗ್‌ಜಾಗ್ ಗೂಡಿನಲ್ಲಿ ಇಟ್ಟಿಗೆಯನ್ನು ಪೇರಿಸುವ ಕ್ರಮವೇ ಬೇರೆ. ಗಾಳಿ ನೆಟ್ಟಗೆ ಹೋಗದೆ ಅಂಕುಡೊಂಕಾಗಿ ಸಾಗಬೇಕು. ಬಿಸಿಗಾಳಿ ಇಟ್ಟಿಗೆಯ ಜತೆ ಹೆಚ್ಚು ಹೊತ್ತು ಇರುತ್ತದೆ, ಚೆನ್ನಾಗಿ ಬೆರೆಯುತ್ತದೆ. ಕಲ್ಲಿದ್ದಲನ್ನು ಸ್ವಲ್ಪ ಸ್ವಲ್ಪವಾಗಿ, ಬಿಡುವಿಲ್ಲದೆ ಹಾಕುತ್ತಾರೆ. ಇಂಧನ ಸುಮಾರು ಐದರಲ್ಲೊಂದು ಪಾಲು ಉಳಿಯುತ್ತದೆ, ಮಸಿಯೂ ಅದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಇಳಿಯುತ್ತದೆ. ಈ ವಿದ್ಯೆ ನಿನ್ನೆ ಮೊನ್ನೆಯದಲ್ಲ. ಆದರೂ 1996ರಲ್ಲಿ ನಗರದ ಒಳಗಿನ ಗೂಡುಗಳ ಬಗ್ಗೆ ಕೈಗೊಂಡ ತೀರ್ಮಾನ ಜಾಗದ್ದಾಗಿತ್ತು. ಝಜ್ಜರ್, ಬಾಗ್‌ಪತ್, ಗಾಜಿಯಾಬಾದ್ ಜಿಲ್ಲೆಗಳ ಗೂಡುಗಳು ದೆಹಲಿಯ ಕಟ್ಟಡಗಳಿಗೆ ಇಟ್ಟಿಗೆ ಸುಡುತ್ತಲೇ ಹೋದವು. ವಲಯದ ಗೂಡುಗಳೆಲ್ಲ ಜಿಗ್‌ಜಾಗ್ ಆಗಬೇಕೆಂಬ ಒತ್ತಾಯ ಗಟ್ಟಿಯಾದದ್ದು 2017ರ ಸುಮಾರಿಗೆ; ದೇಶಕ್ಕೆಲ್ಲ ಅನ್ವಯಿಸುವ ಅಧಿಸೂಚನೆ ಬಂದದ್ದು 2022ರಲ್ಲಿ. ನಡುವಿನ ಎರಡು ದಶಕ ಆ ಹೊಗೆಯನ್ನು ಮೊದಲು ಉಸಿರಾಡಿದವರು ಗೂಡಿನ ಬಳಿಯ ಗುಡಿಸಲುಗಳಲ್ಲಿ ಮಕ್ಕಳೊಂದಿಗೆ ಬಿಡಾರ ಹೂಡುವ ವಲಸೆ ಕಾರ್ಮಿಕರು. ದೆಹಲಿಯ ಗಾಳಿಯ ಚರ್ಚೆಯಲ್ಲಿ ಅವರ ಹೆಸರೇ ಬರುವುದಿಲ್ಲ ಎಂಬುದು ನನಗೆ ನೋವಿನ ಸಂಗತಿ.

ಇಂಧನದ ಗಡಿಯೂ ಇದೇ ಕಥೆ ಹೇಳುತ್ತದೆ. 1998ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ದೆಹಲಿಯ ಬಸ್ಸುಗಳೆಲ್ಲ ಸಿಎನ್‌ಜಿಗೆ ಬದಲಾಗಬೇಕೆಂದಿತು. ಗಡುವುಗಳು ದಾಟಿ, ಪಂಪುಗಳ ಮುಂದೆ ಮೈಲುಗಟ್ಟಲೆ ಸಾಲು ನಿಂತು, 2002ರ ಕೊನೆಗೆ ನಗರದ ಡೀಸೆಲ್ ಬಸ್ಸುಗಳು ರಸ್ತೆಯಿಂದ ಇಳಿದವು. ಜಗತ್ತಿನ ದೊಡ್ಡ ಇಂಧನ ಬದಲಾವಣೆಗಳಲ್ಲಿ ಅದೂ ಒಂದು. ಆದರೆ ನೆರೆ ರಾಜ್ಯಗಳ ಡೀಸೆಲ್ ಬಸ್ಸುಗಳು ದಿನವೂ ಒಳಗೆ ಬರುತ್ತಲೇ ಇದ್ದವು. ಹರಿಯಾಣ, ರಾಜಸ್ಥಾನ, ಉತ್ತರ ಪ್ರದೇಶಗಳ ರಾಜಧಾನಿ ವಲಯದ ಭಾಗದಿಂದ ದೆಹಲಿಗೆ ಬರುವ ಬಸ್ಸು ವಿದ್ಯುತ್, ಸಿಎನ್‌ಜಿ ಅಥವಾ ಬಿಎಸ್-6 ಡೀಸೆಲಿನದೇ ಆಗಿರಬೇಕು ಎಂಬ ನಿಯಮ ಜಾರಿಗೆ ಬಂದದ್ದು 2023ರ ನವೆಂಬರ್ 1ರಂದು. 2018ರ ಏಪ್ರಿಲ್‌ನಲ್ಲಿ ದೆಹಲಿಯ ಪಂಪುಗಳಿಗೆ 10 ಪಿಪಿಎಂ ಗಂಧಕದ ಬಿಎಸ್-6 ಇಂಧನ ಬಂತು. ಆಗ ಗಡಿಯಾಚೆಯ ಪಂಪಿನಲ್ಲಿ 50 ಪಿಪಿಎಂನ ಡೀಸೆಲ್. ಟ್ಯಾಂಕು ತುಂಬಿಸಿದ ಲಾರಿಗೆ ಈ ಗೆರೆ ಎಲ್ಲಿದೆ ಎಂಬ ಹಂಗಿಲ್ಲ.

ವಿದ್ಯುತ್ತಿನ ವಿಷಯ ಇನ್ನೂ ಸ್ಪಷ್ಟ. ದೆಹಲಿಯೊಳಗಿನ 705 ಮೆಗಾವಾಟ್ ಬದರ್‌ಪುರ ಸ್ಥಾವರ 2018ರ ಅಕ್ಟೋಬರ್‌ನಲ್ಲಿ ಮುಚ್ಚಿತು. ಹಳೆಯ, ಕೊಳಕು ಸ್ಥಾವರ, ಮುಚ್ಚಿದ್ದು ಸರಿ. ಆದರೆ ಅಷ್ಟರಲ್ಲಿ ದೆಹಲಿಯ ಪಶ್ಚಿಮಕ್ಕೆ ಝಜ್ಜರ್ ಜಿಲ್ಲೆಯ ಝಾರ್ಲಿಯಲ್ಲಿ 1,500 ಮೆಗಾವಾಟ್ ಕಲ್ಲಿದ್ದಲು ಸ್ಥಾವರ ನಿಂತಿತ್ತು. ಎನ್‌ಟಿಪಿಸಿ, ಹರಿಯಾಣ ಮತ್ತು ದೆಹಲಿಯ ಸರ್ಕಾರಿ ಕಂಪನಿಗಳು ಸೇರಿ ಕಟ್ಟಿದ್ದು ಅದು. ವಿದ್ಯುತ್ತಿನಲ್ಲಿ ಅರ್ಧ ಪಾಲು ದೆಹಲಿಯದು. ಅಂದರೆ ಪ್ರಾದೇಶಿಕ ಯೋಜನೆಯ ನಕ್ಷೆಯ ಒಳಗೇ, ಗಾಳಿ ಬೀಸಿಬರುವ ಕಡೆಯಲ್ಲೇ, ದೆಹಲಿ ತನ್ನ ಚಿಮಣಿಯನ್ನು ನೆಟ್ಟುಕೊಂಡಿತು. ಇಂಥ ಸ್ಥಾವರಗಳಿಂದ ಗಂಧಕವನ್ನು ತೊಳೆದು ತೆಗೆಯುವ ಉಪಕರಣ ಕಡ್ಡಾಯವಾಗುವಂತೆ 2015ರ ಡಿಸೆಂಬರ್‌ನಲ್ಲೇ ಮಾನದಂಡ ಬಂದಿತ್ತು. ಎರಡು ವರ್ಷದ ಗಡುವು ಮತ್ತೆ ಮತ್ತೆ ಮುಂದೆ ಹೋಯಿತು. 2025ರ ಜುಲೈಯಲ್ಲಿ ದೇಶದ ಬಹುಪಾಲು ಸ್ಥಾವರಗಳಿಗೆ ವಿನಾಯಿತಿ ಸಿಕ್ಕಿತು. ರಾಜಧಾನಿ ವಲಯದ ಅಥವಾ ಹತ್ತು ಲಕ್ಷಕ್ಕೂ ಹೆಚ್ಚು ಜನರಿರುವ ನಗರಗಳ 10 ಕಿಲೋಮೀಟರ್ ಒಳಗಿನವುಗಳಿಗೆ 2027ರ ಕೊನೆಯ ಗಡುವು ಉಳಿಯಿತು. ಗಂಧಕದ ಕಣ 11ನೇ ಕಿಲೋಮೀಟರಿನಿಂದಲೂ ಹೊರಟು ಬರುತ್ತದೆ ಎಂಬುದನ್ನು ಇಲ್ಲಿ ಹೇಳದೆ ಬಿಡುವಂತಿಲ್ಲ.

ಗಾಳಿಗಾಗಿಯೇ ಇದ್ದ ಸಂಸ್ಥೆಗಳತ್ತ ಬರೋಣ. 1998ರಲ್ಲಿ ಕೇಂದ್ರ ರಚಿಸಿದ ಪರಿಸರ ಮಾಲಿನ್ಯ (ತಡೆ ಮತ್ತು ನಿಯಂತ್ರಣ) ಪ್ರಾಧಿಕಾರ, ಅಂದರೆ ಇಪಿಸಿಎ, ಎರಡು ದಶಕಕ್ಕೂ ಮೀರಿ ಸುಪ್ರೀಂ ಕೋರ್ಟಿಗೆ ವರದಿ ಕೊಡುತ್ತಾ ದುಡಿಯಿತು. 2017ರ ಜನವರಿಯಲ್ಲಿ ಗ್ರಾಪ್ ಎಂಬ ಹಂತಹಂತದ ಕ್ರಿಯಾಯೋಜನೆ ಬಂತು. ಗಾಳಿ ಕೆಟ್ಟಂತೆಲ್ಲ ನಿರ್ಬಂಧ ಬಿಗಿಯಾಗುತ್ತದೆ: ಕಟ್ಟಡ ಕಾಮಗಾರಿ ನಿಲ್ಲುತ್ತದೆ, ಲಾರಿ ನಿಲ್ಲುತ್ತದೆ, ಶಾಲೆ ಮುಚ್ಚುತ್ತದೆ. ತುರ್ತು ಕ್ರಮವಾಗಿ ಇದು ಬೇಕು. ಆದರೆ ಕಾಮಗಾರಿ ನಿಂತ ದಿನ ಕೂಲಿ ಕಳೆದುಕೊಳ್ಳುವವನು ಗಾರೆ ಕೆಲಸದವನು. ಯೋಜನೆ ಮಾಡಬೇಕಾದ ಕೆಲಸ ಮಾಡದೇ ಇದ್ದುದರ ಬೆಲೆಯನ್ನು ಅವನು ತೆರುತ್ತಾನೆ.

2021ರ ಕಾಯ್ದೆಯಿಂದ ಸ್ಥಾಪಿತವಾದ ವಾಯು ಗುಣಮಟ್ಟ ನಿರ್ವಹಣಾ ಆಯೋಗ ಹಳೆಯದಕ್ಕಿಂತ ಬಲವಾದದ್ದು. ದೆಹಲಿ, ಪಂಜಾಬ್, ಹರಿಯಾಣ, ರಾಜಸ್ಥಾನ, ಉತ್ತರ ಪ್ರದೇಶಗಳ ಪ್ರತಿನಿಧಿಗಳು ಅದರಲ್ಲಿದ್ದಾರೆ. ಆದೇಶ ಮೀರಿದರೆ ಐದು ವರ್ಷ ಸೆರೆ ಅಥವಾ ಒಂದು ಕೋಟಿ ರೂಪಾಯಿ ದಂಡದವರೆಗೆ ಶಿಕ್ಷೆಯುಂಟು. ಆ ಕಾಯ್ದೆಯಲ್ಲಿ ನನಗೆ ಬಹಳ ಮುಖ್ಯವಾಗಿ ಕಂಡದ್ದು 'ಪಕ್ಕದ ಪ್ರದೇಶ' ಎಂಬುದರ ವ್ಯಾಖ್ಯೆ. ನಾಲ್ಕು ರಾಜ್ಯಗಳಲ್ಲಿ ರಾಜಧಾನಿ ವಲಯದ ಗಾಳಿಗೆ ಕೆಡುಕು ಮಾಡುವ ಮೂಲ ಎಲ್ಲಿದೆಯೋ ಅದು ಪಕ್ಕದ ಪ್ರದೇಶ. ಜಿಲ್ಲೆಯ ಗೆರೆ ಹಿಡಿಯದೆ ಹೊಗೆಯ ಮೂಲ ಹಿಡಿದು ಗಡಿ ಬರೆದ ಕಾಯ್ದೆ ಇದು. ಆಯೋಗದ ಆದೇಶದಂತೆ 2023ರ ಜನವರಿ 1ರಿಂದ ವಲಯದ ಕೈಗಾರಿಕೆಗಳಲ್ಲಿ ಕಲ್ಲಿದ್ದಲು ನಿಷಿದ್ಧ. ಶಾಖೋತ್ಪನ್ನ ವಿದ್ಯುತ್ ಸ್ಥಾವರಗಳಿಗೆ ಮಾತ್ರ ಅದು ಅನ್ವಯಿಸದು. ನನ್ನ ದೃಷ್ಟಿಯಲ್ಲಿ 1992ರಿಂದ ಈಚೆಗೆ ಬಂದ ಪ್ರಾದೇಶಿಕ ಕ್ರಮಗಳಲ್ಲಿ ಅತ್ಯಂತ ಅರ್ಥಪೂರ್ಣವಾದದ್ದು ಇದೇ. ಏಕೆಂದರೆ ಇದು ಒಲೆಯ ಜಾಗ ಬದಲಿಸದೆ ಒಲೆಗೆ ಹಾಕುವುದನ್ನು ಬದಲಿಸಿತು, ಅದೂ ಇಡೀ ವಲಯಕ್ಕೆ ಒಟ್ಟಿಗೆ.

ಆದರೂ ಮುಂದಿನ ಇಪ್ಪತ್ತು ವರ್ಷಕ್ಕೆ ಊರು ಎತ್ತ ಬೆಳೆಯಬೇಕು, ಹೆದ್ದಾರಿಯ ಬದಿಯಲ್ಲಿ ಗೋದಾಮು ಬರಬೇಕೇ, ಕೆಲಸದ ಜಾಗ ರೈಲು ನಿಲ್ದಾಣದ ಬಳಿ ಇರಬೇಕೇ ಎಂದು ಬರೆಯುವ ಕೈ ಆಯೋಗದ್ದಲ್ಲ. 2018ರಲ್ಲಿ ಪೂರ್ವ ಮತ್ತು ಪಶ್ಚಿಮದ ಹೊರವರ್ತುಲ ಎಕ್ಸ್‌ಪ್ರೆಸ್ ಹೆದ್ದಾರಿಗಳು ತೆರೆದುಕೊಂಡಾಗ, ದೆಹಲಿಯಲ್ಲಿ ಕೆಲಸವಿಲ್ಲದ ಲಾರಿಗಳು ನಗರದೊಳಗೆ ಬಾರದೆ ಹೋಗುವ ದಾರಿಯಾಯಿತು. ಅದು ಗಾಳಿಗೆ ಒಳ್ಳೆಯದೇ. ಆದರೆ ಆ ರಸ್ತೆಗಳ ಇಕ್ಕೆಲದ ನೆಲ ಹೇಗೆ ತುಂಬುತ್ತದೆ ಎಂಬುದರ ಮೇಲೆ ಮುಂದಿನ ಲಾಭನಷ್ಟ ನಿಂತಿದೆ. ದೆಹಲಿ–ಮೀರತ್ ನಡುವಿನ 82 ಕಿಲೋಮೀಟರ್ ಪ್ರಾದೇಶಿಕ ವೇಗದ ರೈಲು ಯೋಜನಾ ಮಂಡಳಿಯ ಸಾರಿಗೆ ಚಿಂತನೆಯ ಒಳ್ಳೆಯ ಫಲ. ಮೊದಲ ತುಂಡು 2023ರ ಅಕ್ಟೋಬರ್‌ನಲ್ಲಿ ಓಡಲಾರಂಭಿಸಿತು. ರಸ್ತೆಗೂ ರೈಲಿಗೂ ಸೇರಿಸಿ ಗಾಳಿಯ ಒಂದೇ ಲೆಕ್ಕ ಮಾತ್ರ ಎಲ್ಲೂ ಇಲ್ಲ.

ಈ ಲೆಕ್ಕವನ್ನು ಕಾನೂನಾಗಿಸಿದ ಒಂದು ಉದಾಹರಣೆ ಅಮೆರಿಕದ ಅಟ್ಲಾಂಟಾ. ಅಲ್ಲಿನ ಶುದ್ಧಗಾಳಿ ಕಾಯ್ದೆಯ 1990ರ ತಿದ್ದುಪಡಿಯ ನಂತರ, ಮಾಲಿನ್ಯ ಮಿತಿ ಮೀರಿದ ಮಹಾನಗರದ ಸಾರಿಗೆ ಯೋಜನೆ ಗಾಳಿಯ ಯೋಜನೆಯ ಮಿತಿಯೊಳಗೆ ಬರುತ್ತದೆಂದು ಅಂಕಿಯಿಂದ ತೋರಿಸಲೇಬೇಕು. ತೋರಿಸದಿದ್ದರೆ ಹೊಸ ರಸ್ತೆಗೆ ಒಕ್ಕೂಟದ ಹಣವಿಲ್ಲ. ಓಜೋನ್ ಮಿತಿ ಮೀರಿದ್ದ ಅಟ್ಲಾಂಟಾ 1998ರಲ್ಲಿ ಇದನ್ನು ತೋರಿಸಲಾರದೆ ಹೋಯಿತು. ಹೊಸ ರಸ್ತೆಗಳ ಹಣ ನಿಂತಿತು. ಮರುವರ್ಷವೇ ಜಾರ್ಜಿಯಾ ರಾಜ್ಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರವೊಂದನ್ನು ಹುಟ್ಟುಹಾಕಿತು. ಅದೇ ಸಮಯದಲ್ಲಿ ನಗರದ ಮಧ್ಯೆ ಪಾಳುಬಿದ್ದ 138 ಎಕರೆಯ ಅಟ್ಲಾಂಟಿಕ್ ಸ್ಟೀಲ್ ಕಾರ್ಖಾನೆಯ ಜಾಗದಲ್ಲಿ ಮನೆ, ಕಚೇರಿ, ಅಂಗಡಿ ಕಟ್ಟುವ ಪ್ರಸ್ತಾಪ ಬಂತು. ಅದಕ್ಕೆ ಹೆದ್ದಾರಿ ದಾಟುವ ಸೇತುವೆ ಬೇಕು; ಹೊಸ ಸೇತುವೆಗೆ ಅನುಮತಿಯಿಲ್ಲ. ಇಷ್ಟೇ ಕಟ್ಟಡ ಊರಾಚೆಯ ಬಯಲುಗಳಲ್ಲಿ ಬಂದರೆ ಜನ ಎಷ್ಟು ಕಾರು ಓಡಿಸಬೇಕಾದೀತು, ಇಲ್ಲಿ ಬಂದರೆ ಎಷ್ಟು ಎಂದು ಲೆಕ್ಕ ಹಾಕಿ, ನಗರದೊಳಗಿನ ಈ ಜಾಗವೇ ಗಾಳಿಗೆ ಮೇಲೆಂದು ಕಂಡ ಮೇಲೆ, ಇಡೀ ಕಾಮಗಾರಿಯನ್ನೇ ಮಾಲಿನ್ಯ ನಿಯಂತ್ರಣದ ಕ್ರಮವೆಂದು ಒಪ್ಪಿ ಸೇತುವೆಗೆ ಅನುಮತಿ ಕೊಟ್ಟರು. ಮನೆ ಎಲ್ಲಿ ಕಟ್ಟುತ್ತೇವೆ ಎಂಬುದು ಗಾಳಿಯ ಪ್ರಶ್ನೆ ಎಂದು ಸರ್ಕಾರವೊಂದು ಕಾಗದದ ಮೇಲೆ ಒಪ್ಪಿಕೊಂಡ ಅಪರೂಪದ ಪ್ರಸಂಗ ಇದು. ಅಟ್ಲಾಂಟಾ ಇಂದಿಗೂ ಹರಡಿಕೊಂಡ, ಕಾರು ನಂಬಿದ ಊರೇ. ಆ ಊರನ್ನು ಮಾದರಿಯೆಂದು ಹಿಡಿಯಬೇಕಿಲ್ಲ, ಆ ಏರ್ಪಾಡನ್ನು ಗಮನಿಸಿದರೆ ಸಾಕು.

ಪ್ರಾದೇಶಿಕ ವಾದಕ್ಕೆ ಒಂದು ಅಪಾಯವುಂಟು, ಅದನ್ನೂ ಹೇಳಬೇಕು. ಹೊಗೆ ಹೊರಗಿನಿಂದ ಬರುತ್ತದೆ ಎಂಬ ಸತ್ಯ ಪ್ರತಿ ಸರ್ಕಾರಕ್ಕೂ ನೆಪವಾಗುತ್ತದೆ. ಅಕ್ಟೋಬರ್ ಕೊನೆಯಿಂದ ಕೆಲವು ವಾರ ದೆಹಲಿಯ ಮಾತೆಲ್ಲ ಪಂಜಾಬಿನ ಭತ್ತದ ಕೂಳೆಯ ಮೇಲೆ ನಿಲ್ಲುತ್ತದೆ. ಕೂಳೆ ಸುಡುವುದು ನಿಜವಾದ ಹಾನಿ. ಆದರೆ ಅದರ ಕಾಲ ಚಿಕ್ಕದು. ಅಲ್ಲದೆ ಆ ಹೊಗೆಯೂ ಒಂದು ಯೋಜನೆಯ ಫಲ. ಅಂತರ್ಜಲ ಉಳಿಸಲು ಪಂಜಾಬ್ ಮತ್ತು ಹರಿಯಾಣ 2009ರಲ್ಲಿ ಭತ್ತದ ನಾಟಿಯನ್ನು ಜೂನ್ ಮಧ್ಯದವರೆಗೆ ಮುಂದೂಡುವ ಕಾನೂನು ತಂದವು. ನಾಟಿ ಮುಂದೆ ಹೋದರೆ ಕೊಯ್ಲೂ ಮುಂದೆ ಹೋಗುತ್ತದೆ. ಗೋಧಿ ಬಿತ್ತನೆಗೆ ರೈತನ ಕೈಯಲ್ಲಿ ಉಳಿಯುವುದು ಎರಡು ಮೂರು ವಾರ, ಗಾಳಿ ಮಡುಗಟ್ಟುವ ಕಾಲವೂ ಅದೇ. ನೀರಿನ ಇಲಾಖೆ ನೀರಿನ ಲೆಕ್ಕ ಹಾಕಿತು, ಗಾಳಿಯ ಲೆಕ್ಕ ಹಾಕುವವರು ಆ ಮೇಜಿನ ಮುಂದೆ ಇರಲಿಲ್ಲ. ಇತ್ತ ದೆಹಲಿಯ ಒಳಗೇ ಹುಟ್ಟುವ ಶೇ. 36ರಲ್ಲಿ ವಾಹನಗಳ ಪಾಲು ದೊಡ್ಡದು. ಅದಕ್ಕೆ ಬಸ್ಸು ಹೆಚ್ಚಿಸುವುದು, ಕಾಲುದಾರಿ ಕಟ್ಟುವುದು, ನಿಲುಗಡೆಗೆ ದರ ವಿಧಿಸುವುದು ಯಾವ ನೆರೆ ರಾಜ್ಯದ ಒಪ್ಪಿಗೆಗೂ ಕಾಯಬೇಕಿಲ್ಲ.

ಕರ್ನಾಟಕಕ್ಕೂ ಈ ಚರ್ಚೆ ದೂರದ್ದಲ್ಲ. ದೆಹಲಿಯ ಕಾಯ್ದೆ ಬಂದ 1985ರಲ್ಲೇ ಬೆಂಗಳೂರು ಮಹಾನಗರ ಪ್ರದೇಶಾಭಿವೃದ್ಧಿ ಪ್ರಾಧಿಕಾರದ ಕಾಯ್ದೆಯೂ ಬಂತು. ಬೆಂಗಳೂರು ನಗರ, ಗ್ರಾಮಾಂತರ ಮತ್ತು ರಾಮನಗರ ಭಾಗ ಸೇರಿ ಸುಮಾರು 8,000 ಚದರ ಕಿಲೋಮೀಟರ್ ಅದರ ವ್ಯಾಪ್ತಿ. ಎತ್ತರದ ನೆಲ, ಬೀಸುವ ಗಾಳಿ ಬೆಂಗಳೂರನ್ನು ದೆಹಲಿಯ ಗತಿಯಿಂದ ಕಾಪಾಡಿವೆ. ಆದರೂ 2019ರ ರಾಷ್ಟ್ರೀಯ ಶುದ್ಧಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಅದರ ಹೆಸರಿದೆ. ನಮ್ಮ ಕಲ್ಲು ಕ್ರಷರ್‌ಗಳಿಗೂ 2011ರ ಕಾಯ್ದೆ 'ಸುರಕ್ಷಿತ ವಲಯ'ಗಳನ್ನು ಗುರುತಿಸಿತು. ಬೆಂಗಳೂರಿಗೆ ಒಂದು ಅನುಕೂಲವುಂಟು: ಇಡೀ ಪ್ರದೇಶ ಹೆಚ್ಚುಕಡಿಮೆ ಒಂದೇ ರಾಜ್ಯದೊಳಗಿದೆ. ದೆಹಲಿಯ ಸುತ್ತ ನಾಲ್ಕು ಸರ್ಕಾರ ಒಪ್ಪಿದರೆ ಆಗುವ ಕೆಲಸ ಇಲ್ಲಿ ಒಂದೇ ಸಚಿವ ಸಂಪುಟದ ಕೈಯಲ್ಲಿದೆ. ಹೊರವರ್ತುಲ ರಸ್ತೆಯ ಬದಿಯ ಭೂಬಳಕೆಯನ್ನು ಅದು ತುಂಬುವ ಮೊದಲೇ ಗಾಳಿಯ ಲೆಕ್ಕಕ್ಕೆ ಕಟ್ಟಲು ಇಲ್ಲಿ ಇನ್ನೂ ಕಾಲ ಮಿಂಚಿಲ್ಲ.

ದೆಹಲಿಗೆ ಹೊಸ ಕಾಯ್ದೆ ಬೇಕೇ? ನನಗೆ ಹಾಗನ್ನಿಸುವುದಿಲ್ಲ. 1985ರ ಕಾಯ್ದೆಯ 29ನೇ ಸೆಕ್ಷನ್ ಹೇಳುವುದು ಇಷ್ಟು: ಪ್ರಾದೇಶಿಕ ಯೋಜನೆ ಜಾರಿಯಾದ ಮೇಲೆ ಅದಕ್ಕೆ ಹೊಂದದ ಯಾವ ಅಭಿವೃದ್ಧಿಯೂ ವಲಯದಲ್ಲಿ ನಡೆಯಬಾರದು, ಮೀರಿದ ರಾಜ್ಯಕ್ಕೆ ಮಂಡಳಿ ನೋಟಿಸು ಕೊಟ್ಟು ನಿಲ್ಲಿಸಲು ಹೇಳಬಹುದು, ನಿಲ್ಲಿಸದಿದ್ದರೆ ಹಣಕಾಸಿನ ನೆರವು ತಡೆಹಿಡಿಯಬಹುದು. ಅಟ್ಲಾಂಟಾದಲ್ಲಿ ರಸ್ತೆಯ ಹಣ ನಿಲ್ಲಿಸಿದ ಅಧಿಕಾರಕ್ಕೆ ಇದು ಬಹಳ ಹತ್ತಿರದ್ದು. ಕೊರತೆಯಿರುವುದು ಯೋಜನೆಯೊಳಗೆ. 2041ರವರೆಗಿನ ಮೂರನೆಯ ಪ್ರಾದೇಶಿಕ ಯೋಜನೆಯ ಕರಡು 2021ರಲ್ಲಿ ಹೊರಬಂದಾಗ, ಅರಾವಳಿಯ ರಕ್ಷಣೆ ಸಡಿಲವಾಗುತ್ತದೆ ಎಂಬ ಆಕ್ಷೇಪ ಬಲವಾಗಿಯೇ ಎದ್ದಿತು. ಅದರ ಜತೆಗೆ ಕೇಳಬೇಕಾದ ಇನ್ನೊಂದು ತಿದ್ದುಪಡಿಯುಂಟು. ವಾಯು ಆಯೋಗ ಪ್ರತಿ ಉಪವಲಯಕ್ಕೂ ಕಣ, ಗಂಧಕ, ಸಾರಜನಕದ ಆಕ್ಸೈಡುಗಳ ಮಿತಿಯನ್ನು ಅಂಕಿಯಲ್ಲಿ ಕೊಡಬೇಕು. ಆ ಅಂಕಿ ಪ್ರಾದೇಶಿಕ ಯೋಜನೆಯ ಭಾಗವಾಗಬೇಕು. ಹರಿಯಾಣ, ಉತ್ತರ ಪ್ರದೇಶ, ರಾಜಸ್ಥಾನ, ದೆಹಲಿ ಸಿದ್ಧಪಡಿಸುವ ಉಪಪ್ರಾದೇಶಿಕ ಯೋಜನೆಗಳು ತಮ್ಮ ರಸ್ತೆ, ವಸಾಹತು, ಸ್ಥಾವರಗಳು ಆ ಮಿತಿಯೊಳಗೆ ಹೇಗೆ ನಿಲ್ಲುತ್ತವೆಂದು ತೋರಿಸಬೇಕು. ಆಗ ಝಜ್ಜರಿನಲ್ಲೋ ಫರೀದಾಬಾದಿನಲ್ಲೋ ಹೊಸದೊಂದು ಚಿಮಣಿಗೆ ಜಾಗ ಗುರುತಿಸುವ ಅಧಿಕಾರಿ, ಅದು ಎಷ್ಟು ಉಗುಳುತ್ತದೆ ಮತ್ತು ಅಷ್ಟನ್ನು ವಲಯದ ಬೇರೆ ಯಾವ ಕಡೆ ತಗ್ಗಿಸುತ್ತೇವೆ ಎಂಬುದನ್ನು ಅದೇ ಕಡತದಲ್ಲಿ ಬರೆಯಬೇಕಾಗುತ್ತದೆ.